ಪಕ್ಕದ ಮನೆಯ ವೈಫೈ, ಪಕ್ಕದ ಮನೆಯವರ ಹೆಸರು

ವಸಂತನರಸಾಪುರದ ಫುಡ್ ಪಾರ್ಕಿಗೋ ಅದರ ಅಕ್ಕಪಕ್ಕದ ಕಾರ್ಖಾನೆಗೋ ಕೆಲಸಕ್ಕೆ ಸೇರಿ, ಕೋರಾದಲ್ಲೋ ಸುತ್ತಲ ಹಳ್ಳಿಯಲ್ಲೋ ಸಾಲುಮನೆಯ ಒಂದು ರೂಮು ಹಿಡಿದಿದ್ದೀಯಲ್ಲ, ನಿನಗೆ ಒಂದು ಮಾತು ಹೇಳಬೇಕು. ಎರಡನೇ ಶಿಫ್ಟು ಮುಗಿಸಿ ರಾತ್ರಿ ಬರುತ್ತೀಯ. ದಿನದ ಒಂದೂವರೆ ಜಿಬಿ ಬಸ್ಸಿನಲ್ಲೇ ಕರಗಿಹೋಗಿರುತ್ತದೆ. ಫೋನಿನಲ್ಲಿ ವೈಫೈ ಒತ್ತಿದರೆ ಹೆಸರುಗಳ ಸಾಲು ಬರುತ್ತದೆ. ಎಲ್ಲದರ ಪಕ್ಕದಲ್ಲೂ ಪುಟ್ಟ ಬೀಗದ ಗುರುತು, ಒಂದಕ್ಕೆ ಮಾತ್ರ ಇಲ್ಲ. ಅದು ಗೋಡೆಯಾಚೆಯ ಮನೆಯದ್ದು. ಬೆರಳು ತಾಕಿಸಿದರೆ ಸಾಕು, ಊರಲ್ಲಿರುವ ಅಮ್ಮನ ಮುಖ ವಿಡಿಯೋದಲ್ಲಿ ಕಾಣುತ್ತದೆ. ಇದರಲ್ಲಿ ತಪ್ಪೇನು ಎಂದು ನೀನು ಕೇಳಿದರೆ ನಾನು ರೇಗುವುದಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು.

‘ನಾನೇನು ಅವರ ಮನೆಗೆ ನುಗ್ಗಿದೆನಾ? ಅಲೆ ತಾನಾಗಿ ನನ್ನ ರೂಮಿಗೆ ಬಂದಿದೆ’ ಎನ್ನುತ್ತೀಯ. ನಮ್ಮದು ತೆಂಗಿನ ಸೀಮೆ. ಬೇಲಿಯಾಚೆಯ ಮರದ ಕಾಯಿ ನಮ್ಮ ಹಿತ್ತಿಲಿಗೆ ಉದುರಿದ ಮಾತ್ರಕ್ಕೆ ನಮ್ಮದಾಯಿತು ಎಂದರೆ ಗುಬ್ಬಿ, ಕುಣಿಗಲ್ ಕಡೆಯ ತೋಟದವರು ಒಪ್ಪುತ್ತಾರೆಯೇ? ಮರ್ಯಾದಸ್ಥರು ಕಾಯಿಯನ್ನು ಎತ್ತಿ ಬೇಲಿಯ ಆಚೆ ಇಡುತ್ತಾರೆ. ಇಲ್ಲವೇ, ‘ಒಂದು ಕಾಯಿ ಸಾರಿಗೆ ತಗೋತೀನಿ ಕಣಕ್ಕ’ ಎಂದು ಕೂಗಿ ಹೇಳಿ ತೆಗೆದುಕೊಳ್ಳುತ್ತಾರೆ. ಆ ಅಕ್ಕ ಬೇಡ ಎನ್ನುವುದು ಅಪರೂಪ. ಆದರೂ ಕೂಗುತ್ತಾರೆ. ವೈಫೈ ವಿಷಯದಲ್ಲಿ ಆ ಕೂಗು ಇನ್ನೂ ಹೆಚ್ಚು ಬೇಕು. ಕಾಯಿ ತುರಿದು ಸಾರಿಗೆ ಹಾಕಿದರೆ ಅಲ್ಲಿಗೆ ಮುಗಿಯಿತು, ಇದು ಅಲ್ಲಿಗೆ ಮುಗಿಯುವುದಿಲ್ಲ.

ದುಡಿದ ಕಾಲವನ್ನೆಲ್ಲ ಟೆಲಿಫೋನ್ ತಂತಿಯ ಕೆಲಸದಲ್ಲಿ ಕಳೆದವನು ನಾನು. ಎಸ್‌ಟಿಡಿ ಕರೆ ಬಂಗಾರದಷ್ಟು ದುಬಾರಿಯಾಗಿದ್ದ ಕಾಲ ಅದು. ಕಂಬದ ಡಬ್ಬಿಯ ಬಾಗಿಲು ತೆರೆದು, ಯಾರದೋ ಜೋಡಿ ತಂತಿಗೆ ಕ್ಲಿಪ್ಪು ಸಿಕ್ಕಿಸಿ ದೂರದೂರಿಗೆ ಗಂಟೆಗಟ್ಟಲೆ ಮಾತಾಡುವ ಖದೀಮರಿದ್ದರು. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲು ಹಿಡಿದು ಒಬ್ಬ ವೃದ್ಧರು ಕೌಂಟರಿನ ಮುಂದೆ ನಿಂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ತೊಳೆದ ಬಿಳಿ ಪಂಚೆ, ನಡುಗುವ ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದ. ‘ಬೊಂಬಾಯಿಯಲ್ಲಿ ನನಗೆ ಯಾರಿದ್ದಾರೆ ಸ್ವಾಮಿ?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಹಣಕ್ಕಿಂತ ಹೆಚ್ಚಾಗಿ ಅವರನ್ನು ಕೊರೆಯುತ್ತಿದ್ದುದು ಬೇರೆಯೇ. ತಾನು ಆಡದ ಮಾತನ್ನು ಆಡಿದೆ ಎಂದು ತನ್ನ ಹೆಸರಿರುವ ಕಾಗದ ಹೇಳುತ್ತಿದೆಯಲ್ಲ ಎಂಬುದು.

ಇಂದಿನ ರೌಟರ್ ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಒಂದು ಮನೆಯ ರೌಟರಿಗೆ ಎಷ್ಟೇ ಫೋನು ಸೇರಲಿ, ಹೊರಗಿನ ಜಗತ್ತಿಗೆ ಅವೆಲ್ಲ ಒಂದೇ ವಿಳಾಸವಾಗಿ ಕಾಣುತ್ತವೆ. ಆ ವಿಳಾಸ ಯಾವ ದಿನ ಯಾವ ಗಂಟೆಯಲ್ಲಿ ಯಾರ ಸಂಪರ್ಕಕ್ಕೆ ಸೇರಿತ್ತು ಎಂಬುದು ಇಂಟರ್‌ನೆಟ್ ಕಂಪನಿಯ ದಾಖಲೆಯಲ್ಲಿ ಇರುತ್ತದೆ. ಅಲ್ಲಿರುವುದು ಪಕ್ಕದ ಮನೆಯ ಯಜಮಾನಿಯ ಹೆಸರು, ಅವರು ಕೊಟ್ಟ ಗುರುತಿನ ಚೀಟಿ, ಅವರ ಮನೆ ನಂಬರು. ನೀನು ಅಲ್ಲಿ ಏನು ನೋಡಿದರೂ, ಯಾರಿಗೆ ಏನು ಬರೆದರೂ, ಯಾವ ಕದ್ದ ಸಿನಿಮಾ ಇಳಿಸಿಕೊಂಡರೂ ಅದು ಅವರ ಲೆಕ್ಕಕ್ಕೆ ಜಮೆ. ಅವರ ಡೇಟಾ ಖರ್ಚಾಗುವುದು ಸಣ್ಣ ವಿಷಯ. ಅವರಿಗೆ ತಿಳಿಸದೆ ಅವರ ಹೆಸರಿನಲ್ಲಿ ಜಗತ್ತಿನೊಳಗೆ ಓಡಾಡುತ್ತಿದ್ದೀಯ, ನನ್ನ ತಕರಾರು ಅದು.

ಇದು ಬರೀ ಹೆದರಿಕೆಯ ಮಾತಲ್ಲ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಬಾಂಬ್ ಸ್ಫೋಟವಾಯಿತು, ಮರುದಿನ ಅಹಮದಾಬಾದಿನಲ್ಲಿ. ಅಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿವಾಹಿನಿಗಳಿಗೆ ಬಂದ ಬೆದರಿಕೆಯ ಇಮೇಲಿನ ಜಾಡು ಹಿಡಿದ ಪೊಲೀಸರು ಹೋಗಿ ನಿಂತದ್ದು ನವಿ ಮುಂಬೈಯ ಸಾನ್‌ಪಾಡಾದ ಒಂದು ಫ್ಲ್ಯಾಟಿನ ಬಾಗಿಲಿಗೆ. ಅಲ್ಲಿದ್ದವರು ಅಮೆರಿಕದಿಂದ ಬಂದು ನೆಲೆಸಿದ್ದ ಒಬ್ಬ ಸಂಸಾರಸ್ಥರು. ಅವರ ವೈಫೈಗೆ ಪಾಸ್‌ವರ್ಡ್ ಇರಲಿಲ್ಲ. ಯಾರೋ ಅದರಿಂದ ಇಮೇಲ್ ಕಳಿಸಿದ್ದರು. ಅವರ ಕಂಪ್ಯೂಟರುಗಳನ್ನು ಒಯ್ದರು, ವಿಚಾರಣೆ ಮಾಡಿದರು, ದೇಶದ ಪತ್ರಿಕೆಗಳಲ್ಲೆಲ್ಲ ಅವರ ಹೆಸರು ಬಂತು. ಮುಂದಿನ ಇಮೇಲುಗಳೂ ಹಾಗೆಯೇ, ಮಾಟುಂಗಾದ ಒಂದು ಕಾಲೇಜು, ಚೆಂಬೂರಿನ ಒಂದು ಕಂಪನಿ, ಹೀಗೆ ಪರರ ವೈಫೈಯಿಂದಲೇ ಬಂದವು. 2009ರ ಆರಂಭದಲ್ಲಿ ಮುಂಬೈ ಪೊಲೀಸರು ಬೀಗವಿಲ್ಲದ ವೈಫೈ ಹುಡುಕುತ್ತ ಬೀದಿ ಸುತ್ತಲು ಹೊರಟರು. ನೀನು ಅಂಥ ಕೆಲಸ ಮಾಡುವವನಲ್ಲ, ನನಗೆ ಗೊತ್ತು. ಆದರೆ ಅಪರಿಚಿತರು ಯಾರೂ ಒಳಗಿಲ್ಲ ಎಂದು ನಂಬಿಕೊಂಡಿರುವ ಆ ಮನೆಯವರಿಗೆ ಗೊತ್ತಿಲ್ಲ. ನೀನು ಒಳಗೆ ಇರುವುದೇ ಅವರಿಗೆ ಗೊತ್ತಿಲ್ಲವಲ್ಲ.

ಕಾನೂನನ್ನೂ ಒಮ್ಮೆ ಕಿವಿಗೆ ಹಾಕಿಕೋ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಕೇಳುವುದು ಬೀಗವಿತ್ತೇ ಎಂದಲ್ಲ, ಮಾಲೀಕರ ಅನುಮತಿ ಇತ್ತೇ ಎಂದು. ದುರುದ್ದೇಶದಿಂದ ಮಾಡಿದರೆ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಿಂಗಪುರದಲ್ಲಿ 2007ರಲ್ಲಿ, ನೆರೆಮನೆಯ ವೈಫೈ ಬಳಸಿದ 17 ವರ್ಷದ ಹುಡುಗನಿಗೆ ನ್ಯಾಯಾಲಯ 18 ತಿಂಗಳು ಪ್ರೊಬೇಷನ್ ಹಾಕಿತು. ಇನ್ನು ಕೆಲವರು ಜಾಣತನ ತೋರಿಸುತ್ತಾರೆ. ಸಂಪರ್ಕ ಹಾಕಲು ಬಂದ ಕೇಬಲ್ ಹುಡುಗರು ಎಷ್ಟೋ ಕಡೆ ಮನೆಯವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿರುತ್ತಾರೆ. ಅದನ್ನು ಊಹಿಸಿ ಒಳಗೆ ಹೋದೆ ಎಂದು ಬೀಗುವುದು ನಾಚಿಕೆಗೇಡು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದಕ್ಕೆ 66ಸಿ ಎಂಬ ಬೇರೆ ಕಲಮೇ ಇದೆ.

ಜೈಲಿನ ಮಾತು ಹೇಳಿ ನಿನ್ನನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಆ ಮನೆಯ ಒಳಗನ್ನು ಒಮ್ಮೆ ನೆನೆ. ಟಿವಿಯ ಮೇಲೆ, ದೇವರ ಪಟದ ಪಕ್ಕದಲ್ಲಿ ರೌಟರ್ ಮಿಣುಕುತ್ತಿರುತ್ತದೆ. ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಏನಿದೆ ಎಂದು ಮನೆಯವರು ಓದಿರುವುದಿಲ್ಲ. ಒಳಗಿನ ಸೆಟ್ಟಿಂಗಿಗೆ ಹೋಗುವ ಹೆಸರೂ ಗುಪ್ತಪದವೂ ಕಂಪನಿ ಕೊಟ್ಟ ‘ಅಡ್ಮಿನ್’ ಎಂಬುದೇ ಇನ್ನೂ ಇರುತ್ತದೆ. ಮಗಳ ಕ್ಲಾಸಿಗೆ ಬೇಕೆಂದು ತಿಂಗಳ ಖರ್ಚಿನಲ್ಲಿ ಹಿಡಿತ ಮಾಡಿ ಹಾಕಿಸಿದ್ದು. ರಾತ್ರಿ ನೀನು ಕ್ರಿಕೆಟ್ ನೋಡುವಾಗ ಅಲ್ಲಿ ಪಾಠ ಸಿಕ್ಕಿಕೊಂಡು ನಿಲ್ಲುತ್ತದೆ, ‘ಈ ನೆಟ್ಟೇ ಸರಿಯಿಲ್ಲ’ ಎಂದು ಅವರು ಕೇಬಲಿನವನನ್ನು ಬಯ್ಯುತ್ತಾರೆ. ಬಾಗಿಲು ತೆರೆದಿದೆ ಎಂದು ತಿಳಿದಿರುವುದು ಇಡೀ ಸಾಲಿನಲ್ಲಿ ನಿನಗೊಬ್ಬನಿಗೆ. ತಿಳಿದವನ ಮೇಲೆ ಹೊಣೆ ಹೆಚ್ಚು ಕಣಪ್ಪ. ಬೆಳಿಗ್ಗೆ ಹೋಗಿ, ‘ಅಮ್ಮ, ನಿಮ್ಮ ವೈಫೈಗೆ ಪಾಸ್‌ವರ್ಡ್ ಇಲ್ಲ, ಯಾರು ಬೇಕಾದರೂ ಸೇರಬಹುದು’ ಎಂದು ಹೇಳು. ಒಪ್ಪಿದರೆ ಅವರ ಎದುರಿಗೇ ಕೂತು ಡಬ್ಲ್ಯುಪಿಎ2 ಆರಿಸಿ, ಅವರಿಗೆ ನೆನಪಿರುವಂಥ ಉದ್ದನೆಯ ಗುಪ್ತಪದ ಹಾಕಿಸು. ‘ಅಡ್ಮಿನ್’ ಬದಲಾಯಿಸು. ಗುಪ್ತಪದವನ್ನು ಅವರೇ ಬರೆದುಕೊಳ್ಳಲಿ, ನಿನ್ನ ತಲೆಯಲ್ಲಿ ಉಳಿಸಿಕೊಳ್ಳಬೇಡ.

ಬೇಕೆಂದೇ ತೆರೆದಿಡುವವರೂ ಇದ್ದಾರೆ, ನಿಜ. ಕಂಪ್ಯೂಟರ್ ಭದ್ರತೆಯಲ್ಲಿ ಲೋಕಪ್ರಸಿದ್ಧರಾದ ಬ್ರೂಸ್ ಶ್ನಯರ್ ತಮ್ಮ ಮನೆಯ ವೈಫೈಯನ್ನು ಪಾಸ್‌ವರ್ಡ್ ಇಲ್ಲದೆ ಬಿಟ್ಟಿದ್ದೇನೆಂದು 2008ರಲ್ಲಿ ಬರೆದರು. ಬಂದವರಿಗೆ ಮಾಡುವ ಆತಿಥ್ಯ ಎಂಬಂತೆ ಅದನ್ನು ಕಂಡರು. ನನಗೆ ಅವರ ಮೇಲೆ ಗೌರವವಿದೆ. ಅವರು ಅಪಾಯ ಲೆಕ್ಕಹಾಕಿ, ತಿಳಿದೇ ಕೊಟ್ಟರು. ಕೋರಾದ ಆ ತಾಯಿ ಏನನ್ನೂ ಕೊಟ್ಟಿಲ್ಲ, ಕೊಡುತ್ತಿದ್ದೇನೆ ಎಂಬುದೇ ಅವರಿಗೆ ತಿಳಿಯದು.

ಒಂದೊಂದು ಹೊತ್ತಿನಲ್ಲಿ ನಿಯಮ ಸಡಿಲವಾಗಬೇಕು ಎಂದು ನಾನೂ ಒಪ್ಪುತ್ತೇನೆ. ನಡುರಾತ್ರಿ ಊರಲ್ಲಿ ಅಪ್ಪನಿಗೆ ಎದೆನೋವು, ನಿನ್ನ ಸಿಮ್ಮಿಗೆ ಸಿಗ್ನಲ್ಲಿಲ್ಲ. ಆಗ ಸಿಕ್ಕ ಅಲೆ ಹಿಡಿದು ಮಾತಾಡು, ಬೆಳಗಾದ ಮೇಲೆ ಹೋಗಿ ಹೇಳು. ಅದನ್ನು ಕಳ್ಳತನ ಎನ್ನುವ ನೆರೆಯವರನ್ನು ನಾನು ಕಂಡಿಲ್ಲ. ತಿಂಗಳುಗಟ್ಟಲೆ ರೀಲ್ಸ್ ನೋಡುವುದನ್ನು ಆ ಸಾಲಿಗೆ ಸೇರಿಸಬೇಡ, ಅಷ್ಟೇ.

ನಿನ್ನ ಕಷ್ಟಕ್ಕೆ ದಾರಿಗಳಿವೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಟೀ ಅಂಗಡಿಯವರೂ ಲೈಸೆನ್ಸಿಲ್ಲದೆ ವೈಫೈ ಮಾರಬಹುದು. ನಿಮ್ಮ ಬೀದಿಯ ಅಂಗಡಿಯವರಿಗೆ ಇದನ್ನು ಹೇಳಿ ನೋಡು. ನಾಲ್ಕು ರೂಮಿನವರು ಸೇರಿ ಒಂದು ಸಂಪರ್ಕ ಹಾಕಿಸಿಕೊಂಡರೆ ಒಬ್ಬೊಬ್ಬರಿಗೆ ಬೀಳುವುದು ಊಟದ ಬಿಲ್ಲಿನಷ್ಟು. ಎಲ್ಲಕ್ಕಿಂತ ಸುಲಭದ್ದನ್ನು ನೀವು ಹುಡುಗರು ಮಾಡುವುದೇ ಇಲ್ಲ, ಬಾಗಿಲು ತಟ್ಟಿ ಕೇಳುವುದನ್ನು. ನಮ್ಮ ಕಡೆ ಬಾಡಿಗೆ ಹುಡುಗರೆಂದರೆ ತುಸು ಅನುಮಾನ. ಹೆಸರು, ಊರು, ಕೆಲಸ ಮಾಡುವ ಕಾರ್ಖಾನೆ ಹೇಳಿ, ‘ತಿಂಗಳಿಗೆ ಇಷ್ಟು ಕೊಡುತ್ತೇನೆ, ನಿಮ್ಮ ವೈಫೈ ಹಂಚಿಕೊಳ್ಳಬಹುದಾ?’ ಎಂದು ಕೇಳಿದ ಹುಡುಗನ ಮೇಲೆ ಆ ಅನುಮಾನ ಹೆಚ್ಚು ದಿನ ನಿಲ್ಲುವುದಿಲ್ಲ. ಬೇಡ ಎಂದರೆ ಬೇಸರವಿಲ್ಲದೆ ವಾಪಸ್ ಬಾ.

ಹೂಂ ಎಂದರೆ, ಬೇರೆ ರೂಮಿನ ಗೆಳೆಯರಿಗೆ ಅದನ್ನು ದಾಟಿಸಬೇಡ. ಫೋನಿನಲ್ಲಿ ಕ್ಯೂಆರ್ ಚೌಕ ತೋರಿಸಿದರೆ ಗುಪ್ತಪದ ಇನ್ನೊಂದು ಫೋನಿಗೆ ಹೋಗಿಬಿಡುತ್ತದೆ. ಪರೀಕ್ಷೆಯ ದಿನಗಳಲ್ಲಿ ಸಂಜೆ ಹೊತ್ತು ದೊಡ್ಡ ಫೈಲು ಇಳಿಸಬೇಡ. ರೂಮು ಖಾಲಿ ಮಾಡುವ ದಿನ, ಬಾಡಿಗೆ ಲೆಕ್ಕ ತೀರಿಸಿದ ಮೇಲೆ ಆ ಮನೆಗೂ ಹೋಗಿ, ನಿನ್ನ ಫೋನಿನಿಂದ ಅವರ ವೈಫೈ ಅಳಿಸಿರುವುದನ್ನು ತೋರಿಸಿ, ಗುಪ್ತಪದ ಬದಲಾಯಿಸಿಕೊಳ್ಳಿ ಎಂದು ಹೇಳಿ ಬಸ್ಸು ಹತ್ತು.