ಮಸಾಲೆ ಪದಾರ್ಥಗಳಲ್ಲಿ ಸಾಲ್ಮೊನೆಲ್ಲಾ: ಕಲ್ಚರ್ ಪರೀಕ್ಷೆಯ ಪರಿಚಯ

ಒಣಗಿದ ಪದಾರ್ಥದಲ್ಲಿ ರೋಗಾಣು ಇರಲಾರದೆಂಬ ಭಾವನೆ ಮಸಾಲೆ ವ್ಯಾಪಾರದಲ್ಲಿ ಇಂದಿಗೂ ಉಳಿದಿದೆ. ಇದು ಸರಿಯಲ್ಲ. ಒಣಮೆಣಸಿನಕಾಯಿ, ಕಾಳುಮೆಣಸುಗಳಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ವೃದ್ಧಿಯಾಗದು. ಆದರೆ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ಪುಡಿಯು ತೇವವುಳ್ಳ ಆಹಾರವನ್ನು ಸೇರಿದಾಗ ಮತ್ತೆ ಬೆಳೆಯತೊಡಗುತ್ತದೆ. ಬಯಲು ಕಣದಲ್ಲಿ ಒಣಗಿಸುವಾಗ ಬೀಳುವ ಹಕ್ಕಿ, ಇಲಿ, ಹಲ್ಲಿಗಳ ಹಿಕ್ಕೆಯೇ ಇದರ ಮುಖ್ಯ ಮೂಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2013ರಲ್ಲಿ ಪ್ರಕಟಿಸಿದ ಕರಡು ವರದಿಯಂತೆ, 2007ರಿಂದ 2009ರವರೆಗಿನ ಆರ್ಥಿಕ ವರ್ಷಗಳಲ್ಲಿ ಅಲ್ಲಿ ಪರೀಕ್ಷಿಸಿದ ಆಮದು ಮಸಾಲೆ ಸರಕುಗಳ ಪೈಕಿ ಸುಮಾರು ಶೇ. 7ರಷ್ಟರಲ್ಲಿ ಈ ರೋಗಾಣು ಕಂಡುಬಂದಿತ್ತು.

ಪರೀಕ್ಷೆಯ ಹಂತಗಳು

25 ಗ್ರಾಂ ಮಾದರಿಯಲ್ಲಿ ಸಾಲ್ಮೊನೆಲ್ಲಾ ಸಂಪೂರ್ಣವಾಗಿ ಇಲ್ಲದಿರಬೇಕೆಂಬುದು ಸಾಮಾನ್ಯ ಮಾನದಂಡ. ಇದನ್ನು ಪತ್ತೆಹಚ್ಚಲು ಐಎಸ್‌ಒ 6579-1 ಎಂಬ ಅಂತರರಾಷ್ಟ್ರೀಯ ವಿಧಾನ ಬಳಕೆಯಲ್ಲಿದೆ.

1. ಪೂರ್ವ ಪೋಷಣೆ: 25 ಗ್ರಾಂ ಮಾದರಿಯನ್ನು 225 ಮಿ.ಲೀ. ಬಫರ್ಡ್ ಪೆಪ್ಟೋನ್ ನೀರಿನಲ್ಲಿ ಬೆರೆಸಿ, ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 18 ಗಂಟೆ ಇಡಲಾಗುತ್ತದೆ. ಒಣಗುವಿಕೆಯಿಂದ ನಿತ್ರಾಣಗೊಂಡ ಜೀವಕೋಶಗಳು ಇಲ್ಲಿ ಚೇತರಿಸಿಕೊಳ್ಳುತ್ತವೆ.

2. ಆಯ್ದ ಪೋಷಣೆ: ಇತರ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವ ಎರಡು ದ್ರವಗಳಿಗೆ ಇದನ್ನು ವರ್ಗಾಯಿಸಿ 24 ಗಂಟೆ ಇಡಲಾಗುತ್ತದೆ, ಒಂದನ್ನು 41.5 ಡಿಗ್ರಿಯಲ್ಲಿ, ಇನ್ನೊಂದನ್ನು 37 ಡಿಗ್ರಿಯಲ್ಲಿ.

3. ತಟ್ಟೆಯ ಮೇಲೆ ಬೆಳೆಸುವಿಕೆ: ಎಕ್ಸ್‌ಎಲ್‌ಡಿ ಅಗಾರ್ ಹಾಗೂ ಇನ್ನೊಂದು ಮಾಧ್ಯಮದ ಮೇಲೆ ಗೀರಿ 24 ಗಂಟೆ ಕಾಯಲಾಗುತ್ತದೆ. ಎಕ್ಸ್‌ಎಲ್‌ಡಿಯಲ್ಲಿ ಕಪ್ಪು ನಡುವುಳ್ಳ ಕಾಲೊನಿಗಳು ಸಂಶಯಾಸ್ಪದವೆನಿಸುತ್ತವೆ.

4. ದೃಢೀಕರಣ: ಜೀವರಾಸಾಯನಿಕ ಹಾಗೂ ಸೀರಮ್ ಪರೀಕ್ಷೆಗಳಿಂದ ಮಾತ್ರ ಅಂತಿಮ ತೀರ್ಮಾನ.

ಹೀಗಾಗಿ ಶುದ್ಧವೆಂಬ ಫಲಿತಾಂಶಕ್ಕೇ ಮೂರು ನಾಲ್ಕು ದಿನ, ದೃಢೀಕರಣಕ್ಕೆ ಮತ್ತೂ ಕೆಲವು ದಿನಗಳು ಬೇಕು. ಪಿಸಿಆರ್‌ನಂತಹ ಶೀಘ್ರ ವಿಧಾನಗಳಿದ್ದರೂ ಅವು ಪೋಷಣೆಯ ಹಂತವನ್ನು ಅವಲಂಬಿಸಿವೆ. ಸಂಶಯದ ಫಲಿತಾಂಶವನ್ನು ಕಲ್ಚರ್‌ನಿಂದಲೇ ದೃಢಪಡಿಸಿಕೊಳ್ಳುವುದು ವಾಡಿಕೆ.

ಲವಂಗ, ದಾಲ್ಚಿನ್ನಿಗಳ ವಿಶೇಷ

ಲವಂಗ, ದಾಲ್ಚಿನ್ನಿ, ಬೆಳ್ಳುಳ್ಳಿ, ಈರುಳ್ಳಿಗಳಲ್ಲಿರುವ ಸಹಜ ರಾಸಾಯನಿಕಗಳು ಪರೀಕ್ಷಾ ದ್ರವದಲ್ಲಿ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನೇ ತಡೆಯುತ್ತವೆ. ಸಾಮಾನ್ಯ ಕ್ರಮದಲ್ಲಿ ಪರೀಕ್ಷಿಸಿದರೆ ಕಲುಷಿತ ಸರಕು ಶುದ್ಧವೆಂದು ತೋರಬಹುದು. ಆದುದರಿಂದ ದಾಲ್ಚಿನ್ನಿಯನ್ನು ನೂರು ಪಟ್ಟು, ಲವಂಗವನ್ನು ಸಾವಿರ ಪಟ್ಟು ದುರ್ಬಲಗೊಳಿಸುವ ಕ್ರಮವಿದೆ. ಬೆಳ್ಳುಳ್ಳಿ, ಈರುಳ್ಳಿಗಳಿಗೆ ಪೊಟ್ಯಾಸಿಯಂ ಸಲ್ಫೈಟ್ ಸೇರಿಸಲಾಗುತ್ತದೆ.

ಮಾದರಿಯ ಮಿತಿ

ರೋಗಾಣು ಸರಕಿನಲ್ಲಿ ಸಮನಾಗಿ ಹರಡಿರುವುದಿಲ್ಲ. ಒಂದು ಸರಕಿನ ಪ್ರತಿ ಹತ್ತು ಭಾಗಗಳಲ್ಲಿ ಒಂದು ಕಲುಷಿತವಾಗಿದೆಯೆಂದು ಭಾವಿಸೋಣ. ಐದು ಮಾದರಿಗಳನ್ನು ತೆಗೆದರೆ ಎಲ್ಲವೂ ಶುದ್ಧವೆಂದು ಬರುವ ಸಂಭವ ಶೇ. 59, ಹತ್ತು ತೆಗೆದರೆ ಶೇ. 35. ಒಂದೇ ಚೀಲದ ಮೇಲ್ಭಾಗದಿಂದ ತೆಗೆದ ಮಾದರಿಯ ವರದಿ ಇಡೀ ಸರಕಿಗೆ ಭರವಸೆಯಾಗಲಾರದು.

ವರ್ತಕರು ಗಮನಿಸಬೇಕಾದುದು

ಎನ್‌ಎಬಿಎಲ್ ಮಾನ್ಯತೆಯ ವ್ಯಾಪ್ತಿಯಲ್ಲಿ ಈ ಪರೀಕ್ಷೆ ಸೇರಿರುವ ಪ್ರಯೋಗಾಲಯವನ್ನೇ ಆರಿಸಬೇಕು. ಪದಾರ್ಥದ ಹೆಸರನ್ನು ಸ್ಪಷ್ಟವಾಗಿ ತಿಳಿಸಿ, ಹಲವು ಚೀಲಗಳಿಂದ ಶುದ್ಧ ಉಪಕರಣದಿಂದ ಮಾದರಿ ತೆಗೆಯಬೇಕು. ವರದಿ ಕೈಸೇರುವವರೆಗೆ ಸರಕನ್ನು ರವಾನಿಸಬಾರದು. ಹಬೆಯಿಂದ ಸಂಸ್ಕರಿಸುವುದು ಒಪ್ಪಿತ ಕ್ರಮ. ಎಥಿಲೀನ್ ಆಕ್ಸೈಡ್ ಬಳಕೆಗೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿದೆ. ಭಾರತದ ಕೆಲವು ಮಸಾಲೆ ಪುಡಿಗಳನ್ನು 2024ರಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳು ತಡೆದುದೂ ಇದೇ ರಾಸಾಯನಿಕದ ಕಾರಣದಿಂದ. ಸಂಸ್ಕರಣೆಯ ನಂತರ ಅಶುಚಿ ಚೀಲದಲ್ಲಿ ತುಂಬಿದರೆ ಮಾಡಿದ ವೆಚ್ಚವೆಲ್ಲ ವ್ಯರ್ಥ. ಪರೀಕ್ಷೆಯು ದೋಷವನ್ನು ತೋರಿಸಬಲ್ಲದು, ನಿವಾರಿಸಲಾರದು. ನಿವಾರಣೆ ಆರಂಭವಾಗಬೇಕಾದುದು ಒಣಗಿಸುವ ಕಣದಲ್ಲಿ.