ಭಾನುವಾರ ಕಳೆದರೆ ಅವ್ವನಿಗೆ ಕೆಮ್ಮು

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ. ನಾಗರಹೊಳೆ ಕಾಡಿಗೆ ಹೋಗುವ ದಾರಿಯಲ್ಲಿ ಸಣ್ಣ ಟೀ ಅಂಗಡಿ ಇಟ್ಟಿದ್ದೇವೆ. ಶನಿವಾರ, ಭಾನುವಾರ ಸಫಾರಿಗೆ ಬರುವ ಕಾರುಗಳೋ ಕಾರುಗಳು. ಅವತ್ತು ಅವ್ವ ಬೆಳಗಿನ ಐದಕ್ಕೇ ಸೌದೆ ಒಲೆ ಹಚ್ಚುತ್ತಾಳೆ. ಬೀಡಿ, ಹೊಗೆಸೊಪ್ಪು ಮುಟ್ಟಿದವಳಲ್ಲ. ಆದರೂ ಭಾನುವಾರ ರಾತ್ರಿ ಹಿಡಿದ ಕೆಮ್ಮು ಮಂಗಳವಾರದವರೆಗೂ ಬಿಡುವುದಿಲ್ಲ, ಗುರುವಾರದ ಹೊತ್ತಿಗೆ ಆರಾಮ. ಆಮೇಲೆ ಮತ್ತೆ ಅದೇ ಕತೆ. ಕಾಯಿಲೆಗೂ ವಾರ ಗೊತ್ತಾಗುತ್ತದಾ? ಕಾರಿನ ಧೂಳೇ ಕಾರಣವಾ?

ಉತ್ತರ: ಕಾಯಿಲೆಗೆ ವಾರ ಗೊತ್ತಿಲ್ಲ, ಜನರಿಗೆ ಗೊತ್ತಿದೆ. ಮಳೆ, ಬಿಸಿಲು, ಗಾಳಿ ಯಾವುದೂ ಏಳು ದಿನದ ಲೆಕ್ಕ ಇಟ್ಟುಕೊಂಡಿಲ್ಲ. ಗಾಳಿಯ ಕೊಳೆ ವಾರಕ್ಕೊಮ್ಮೆ ಏರಿ ಇಳಿಯುತ್ತಿದೆ ಎಂದರೆ ಅದು ಮನುಷ್ಯರದೇ ಕೈವಾಡ. ಉಪಗ್ರಹದ ಮಾಹಿತಿ ಇಟ್ಟುಕೊಂಡು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದು ಚೆನ್ನಾಗಿ ಕಂಡಿತ್ತು. ವಾಹನ, ಕಾರ್ಖಾನೆಗಳಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಅಮೆರಿಕ, ಯುರೋಪ್, ಜಪಾನ್‌ಗಳಲ್ಲಿ ಭಾನುವಾರ ತಗ್ಗುತ್ತಿತ್ತು, ಇಸ್ರೇಲಿನಲ್ಲಿ ಶನಿವಾರ. ಆ ಅನಿಲ ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆ. ಸೂಕ್ಷ್ಮ ಕಣಗಳು ಹಾಗಲ್ಲ, ದಿನಗಟ್ಟಲೆ ತೇಲುತ್ತವೆ. ಹಾಗಾಗಿ ಅವುಗಳ ವಾರದ ಏರಿಳಿತ ಅಷ್ಟು ಎದ್ದು ಕಾಣುವುದಿಲ್ಲ.

ನಿಮ್ಮೂರಿನ ವಾರ ಮಾತ್ರ ಉಲ್ಟಾ. ಮೈಸೂರು, ಬೆಂಗಳೂರಿನವರಿಗೆ ರಜೆ ಬಂದಾಗ ನಿಮಗೆ ಕೈತುಂಬ ಕೆಲಸ. ಕಾರಿನ ಧೂಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ರಸ್ತೆಯ ಧೂಳು ಬಹುಪಾಲು ದಪ್ಪ ಕಣ, ಅದರಲ್ಲಿ ಹೆಚ್ಚಿನದು ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತದೆ. ಸೌದೆ ಹೊಗೆಯ ಕಣ 2.5 ಮೈಕ್ರಾನಿಗಿಂತ ಸಣ್ಣದು, ಶ್ವಾಸಕೋಶದ ತುದಿಯವರೆಗೂ ಇಳಿಯುತ್ತದೆ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಕಾರುಗಳ ಮೇಲಲ್ಲ, ಬೆಳಗಿನ ಐದಕ್ಕೆ ಹಚ್ಚಿದ ಒಲೆಯ ಮೇಲೆ. ಕಾರು ಬಂದುಹೋಗುತ್ತದೆ, ನಿಮ್ಮ ತಾಯಿ ಒಲೆಯ ಮುಂದೆ ದಿನವಿಡೀ ಇರುತ್ತಾರೆ.

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಈ ಜಿಲ್ಲೆಯ ಹಳ್ಳಿಗಳಲ್ಲೇ, ಧೂಮಪಾನ ಮಾಡದ ಹೆಂಗಸರನ್ನು ಪರೀಕ್ಷಿಸಿ ಒಂದು ಲೆಕ್ಕ ಕೊಟ್ಟಿದ್ದಾರೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಹಾಗೆ ಎಷ್ಟು ವರ್ಷ, ಎರಡನ್ನೂ ಗುಣಿಸಿ. ಉತ್ತರ 60 ಮುಟ್ಟಿದರೆ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಗಣನೀಯ. ದಿನಕ್ಕೆ ಮೂರು ಗಂಟೆಯಾದರೆ ಇಪ್ಪತ್ತೇ ವರ್ಷ ಸಾಕು! ಅಂಗಡಿ, ಮನೆ ಎರಡೂ ಸೇರಿಸಿ ನಿಮ್ಮ ತಾಯಿಯ ಲೆಕ್ಕ ಹಾಕಿ ನೋಡಿ.

ಭಾನುವಾರದ ಹೊಗೆಗೆ ಮಂಗಳವಾರದವರೆಗೂ ಏಕೆ ಕೆಮ್ಮು ಎಂದರೆ, ಉಸಿರುನಾಳದ ಊತ ಹೊಗೆ ಆರಿದ ತಕ್ಷಣ ಇಳಿಯುವುದಿಲ್ಲ, ಅದಕ್ಕೆ ಒಂದೆರಡು ದಿನ ಬೇಕು.

ಕ್ಯಾಲೆಂಡರಿನ ಮೇಲೆ ದಿನಾ ಎರಡು ವಿಷಯ ಗುರುತು ಹಾಕಿ: ಒಲೆ ಎಷ್ಟು ಹೊತ್ತು ಉರಿಯಿತು, ಕೆಮ್ಮು ಎಷ್ಟಿತ್ತು. ಒಂದು ಶನಿವಾರ, ಭಾನುವಾರ ಅಂಗಡಿಯನ್ನು ಬೇರೆಯವರು ನೋಡಿಕೊಳ್ಳಲಿ, ತಾಯಿ ನೆಂಟರ ಮನೆಗೆ ಹೋಗಿಬರಲಿ. ಆ ವಾರ ಕೆಮ್ಮು ಬರದಿದ್ದರೆ ಕಾರಣ ಅಂಗಡಿಯಲ್ಲೇ ಇದೆ. ಕನಿಷ್ಠ ಆ ಎರಡು ದಿನವಾದರೂ ಗ್ಯಾಸ್ ಬಳಸಿ. ಆಗದಿದ್ದರೆ ಒಲೆಯನ್ನು ಮೂರು ಕಡೆ ಬಯಲಿರುವಲ್ಲಿಗೆ ಸರಿಸಿ. ಟವೆಲ್ ಮೂಗಿಗೆ ಕಟ್ಟಿದರೆ ಧೂಳು ತಡೆದೀತು, ಹೊಗೆಯಲ್ಲ. ಅಂಗಳಕ್ಕೆ ನೀರು ಚಿಮುಕಿಸುವುದೂ ಅಷ್ಟೇ. ಮೈಸೂರಿಗೆ ಕರೆದುಕೊಂಡು ಹೋಗಿ ಸ್ಪೈರೋಮೆಟ್ರಿ ಮಾಡಿಸಿ, ಯಂತ್ರಕ್ಕೆ ಜೋರಾಗಿ ಊದುವುದಷ್ಟೇ ಪರೀಕ್ಷೆ. ಕೆಮ್ಮು ಬಿಡುವು ಕೊಡದೆ ಎರಡು ವಾರ ಉಳಿದರೆ, ಕಫದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ತೂಕ ಇಳಿದರೆ, ಒಲೆಯ ಮೇಲೆ ತಪ್ಪು ಹಾಕಿ ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕ್ಷಯಕ್ಕಾಗಿ ಕಫ ಪರೀಕ್ಷೆ ಉಚಿತ.

ಪ್ರಶ್ನೆ: ನಾವು ಪಿರಿಯಾಪಟ್ಟಣದ ಕಡೆಯವರು, ಹೊಗೆಸೊಪ್ಪು ಬೆಳೆಯುತ್ತೇವೆ. ಸೊಪ್ಪು ಹದಮಾಡುವ ಬ್ಯಾರನ್ ಹಚ್ಚಿದರೆ ನಾಲ್ಕು ವರ್ಷದ ಮಗನಿಗೆ ಉಬ್ಬಸ. ಯಾವ ದಿನ ಅವನನ್ನು ಅಜ್ಜಿ ಮನೆಗೆ ಕಳಿಸಿದರೆ ಸರಿ?

ಉತ್ತರ: ಬ್ಯಾರನ್‌ಗೂ ಅದರದೇ ಒಂದು ವಾರವಿದೆ. ಒಂದು ಸಲ ತುಂಬಿದ ಸೊಪ್ಪು ಹದವಾಗಲು ಸುಮಾರು ಐದರಿಂದ ಏಳು ದಿನ. ಎಲೆ ಹಳದಿಯಾಗುವ ಮೊದಲ ದಿನಗಳಲ್ಲಿ ಬೆಂಕಿ ಮಂದ. ಕೊನೆಗೆ ನರ ಒಣಗಬೇಕಾದಾಗ ಶಾಖವನ್ನು 70 ಡಿಗ್ರಿಯ ಹತ್ತಿರ ಏರಿಸುತ್ತೀರಿ, ಬೆಂಕಿ ಜೋರಾಗುವುದು ಆಗ. ನಿಮ್ಮದೊಂದೇ ಬ್ಯಾರನ್ ಇದ್ದಿದ್ದರೆ ಕೊನೆಯ ಎರಡು ದಿನ ಕಳಿಸಿ ಎನ್ನುತ್ತಿದ್ದೆ. ಆದರೆ ನೀವು ಸೋಮವಾರ ತುಂಬಿದರೆ ಪಕ್ಕದವರು ಗುರುವಾರ ತುಂಬುತ್ತಾರೆ. ಒಬ್ಬರ ಹೊಗೆ ಆರುವಾಗ ಇನ್ನೊಬ್ಬರದು ಏಳುತ್ತದೆ. ಊರಿಗೆ ಊರೇ ಸುಗ್ಗಿ ಮುಗಿಯುವವರೆಗೂ ಹೊಗೆಯಲ್ಲಿರುತ್ತದೆ.

ಹಾಗಾಗಿ ದಿನ ಹುಡುಕುವುದಕ್ಕಿಂತ ಔಷಧಿ ಸರಿಮಾಡಿ. ರಾತ್ರಿ ಬೆಂಕಿ ಕಾಯುವವರ ಜೊತೆ ಮಗು ಮಲಗಬಾರದು. ಹಸಿ ಸೌದೆ ಬೇಡ, ಒಣಗಿದ್ದಕ್ಕಿಂತ ಹೆಚ್ಚು ಹೊಗೆ ಕಾರುತ್ತದೆ. ಮಕ್ಕಳ ವೈದ್ಯರು ಆಸ್ತಮಾ ಎಂದು ಖಚಿತಪಡಿಸಿದರೆ, ಬ್ಯಾರನ್ ಹಚ್ಚುವ ಮೊದಲೇ ಇನ್‌ಹೇಲರ್ ಶುರುಮಾಡುವ ಬಗ್ಗೆ ಕೇಳಿ. ‘ಅಷ್ಟು ಚಿಕ್ಕವನಿಗೆ ಪಂಪ್ ಯಾಕೆ’ ಎಂದು ಅಜ್ಜಿ ತಡೆದರೆ, ಔಷಧಿ ನೇರ ಶ್ವಾಸಕೋಶಕ್ಕೇ ಹೋಗುವುದರಿಂದ ಸಿರಪ್ಪಿಗಿಂತ ಬಹಳ ಕಡಿಮೆ ಪ್ರಮಾಣ ಸಾಕು ಎಂದು ಹೇಳಿ. ಪಂಪ್‌ಗೆ ಜೋಡಿಸುವ, ಮಾಸ್ಕ್ ಇರುವ ಸ್ಪೇಸರ್ ಕೊಳವೆ ಕೊಳ್ಳುವುದನ್ನು ಮರೆಯಬೇಡಿ.