ಮೈಲುತುತ್ತದ ಪಾಠ

ಚಿಗಟೇರಿ

ಪ್ರೀತಿಯ ತಮ್ಮಾ,

ಕೃಷಿ ಕಾಲೇಜಿಗೆ ಸೇರಿರುವ ನಿನಗೂ ನಿನ್ನ ಓರಗೆಯವರಿಗೂ ಒಂದು ಮಾತು ಹೇಳಬೇಕೆನಿಸಿ ಬರೆಯುತ್ತಿದ್ದೇನೆ. ಪೆನಿಸಿಲಿನ್, ಎಕ್ಸ್‌ರೇ, ಮೈಕ್ರೋವೇವ್ ಒಲೆ ಇವೆಲ್ಲ ಆಕಸ್ಮಿಕವಾಗಿ ಸಿಕ್ಕವು, ಅದೃಷ್ಟವಂತರಿಗೆ ಒಲಿದವು ಎನ್ನುತ್ತೀರಿ. ಆಕಸ್ಮಿಕವೆಂಬುದು ನಿಜ. ಅದೃಷ್ಟವೆಂಬುದನ್ನು ಮಾತ್ರ ನಂಬಬೇಡಿ. ಯಾಕೆಂಬುದನ್ನು ನಮ್ಮ ಸೀಮೆಯ ತೋಟಗಳಲ್ಲೇ ಇರುವ ಒಂದು ಔಷಧಿಯ ಕಥೆಯಿಂದ ಹೇಳುತ್ತೇನೆ.

ದಾಳಿಂಬೆ ಚಾಟನಿ ಮಾಡಿದ ಮೇಲೆ ಹೊಡೆಯುವ ಬೋರ್ಡೋ ದ್ರಾವಣ ನಿನಗೆ ಹೊಸದಲ್ಲ. ಒಂದು ಕೆ.ಜಿ. ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಒಂದು ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿ ಸೋಸಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ತಿರುವಿದರೆ ಡ್ರಮ್ಮಿನ ತುಂಬ ಆಕಾಶನೀಲಿ. ಉಜ್ಜಿದ ಕುಡುಗೋಲನ್ನು ಅದರಲ್ಲಿ ಅದ್ದಿ ತೆಗೆ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಹೊಡೆದರೆ ಎಲೆ ಸುಡುತ್ತದೆ ಎಂದರ್ಥ. ಆಗ ಇನ್ನಷ್ಟು ಸುಣ್ಣದ ನೀರು ಬೇಕು.

ಈ ದ್ರಾವಣ ಹುಟ್ಟಿದ್ದು ರೋಗ ಓಡಿಸಲು ಅಲ್ಲ, ಕಳ್ಳರನ್ನು ಓಡಿಸಲು! 1878ರ ಸುಮಾರಿಗೆ ಅಮೆರಿಕದಿಂದ ಫ್ರಾನ್ಸಿಗೆ ಬಂದ ಬೂಜುತುಪ್ಪಟ ರೋಗ ಅಲ್ಲಿನ ದ್ರಾಕ್ಷಿ ಬಳ್ಳಿಗಳನ್ನು ಬೋಳು ಮಾಡುತ್ತಿತ್ತು. 1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲಾರ್ಡೆ ಮೆಡಾಕ್ ಸೀಮೆಯ ತೋಟವೊಂದರಲ್ಲಿ ಹೋಗುತ್ತಿದ್ದರು. ಒಳಗಿನ ಬಳ್ಳಿಗಳಲ್ಲಿ ಎಲೆಯೇ ಇಲ್ಲ. ದಾರಿಯ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆಗಳು ಉಳಿದಿವೆ, ಅವುಗಳ ಮೇಲೆ ನೀಲಿ ಲೇಪ. ಮಿಲಾರ್ಡೆ ತೋಟ ನೋಡಿಕೊಳ್ಳುವವರನ್ನು ವಿಚಾರಿಸಿದರು. ದಾರಿಹೋಕರು ಹಣ್ಣು ಕೀಳದಿರಲೆಂದು, ವಿಷದಂತೆ ಕಾಣಲೆಂದು ಮೈಲುತುತ್ತ ಮತ್ತು ಸುಣ್ಣ ಬಳಿಯುವುದು ಅಲ್ಲಿನ ವಾಡಿಕೆಯಾಗಿತ್ತು.

ಆ ದಾರಿಯಲ್ಲಿ ಎಷ್ಟೋ ಜನ ನಡೆದಿರಬೇಕು. ಬಳಿದವರಿಗೂ ಆ ಹಸಿರು ಕಂಡಿರಬೇಕು. ಮಿಲಾರ್ಡೆ ಮಾತ್ರ ‘ಯಾಕೆ’ ಎಂದು ಕೇಳಿ ಅಲ್ಲಿಗೇ ನಿಲ್ಲಲಿಲ್ಲ. ರಸಾಯನಶಾಸ್ತ್ರಜ್ಞ ಗೇಯೋನ್ ಅವರನ್ನು ಜೊತೆ ಮಾಡಿಕೊಂಡು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಬಳ್ಳಿಗಳ ಮೇಲೆ ಪರೀಕ್ಷಿಸಿ, 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಂಡದ್ದು ಒಂದು ದಿನ, ದುಡಿದದ್ದು ವರ್ಷಗಟ್ಟಲೆ.

ಅದರ ಫಲ ನಮ್ಮ ನಾಡಿಗೂ ಬಂತು. ಮಲೆನಾಡಿನಲ್ಲಿ ಮಳೆ ಹಿಡಿದರೆ ಅಡಿಕೆಗೆ ಕೊಳೆರೋಗ. ಎಳೆಗಾಯಿ ಕೊಳೆತು ಉದುರಿ ಮರದ ಬುಡದಲ್ಲಿ ರಾಶಿ ಬೀಳುತ್ತಿತ್ತು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಯುವುದೇ ಬೆಳೆಗಾರರಿಗಿದ್ದ ದಾರಿ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗ ತರುವ ಶಿಲೀಂಧ್ರದಂಥ ಸೂಕ್ಷ್ಮಜೀವಿಯನ್ನು ಗುರುತಿಸಿ 1910ರಲ್ಲಿ ವಿವರಿಸಿದರು. ಅದು ಆಲೂಗಡ್ಡೆಗೆ ಅಂಗಮಾರಿ ತರುವ ಫೈಟಾಫ್ತೋರಾ ಬಳಗದ್ದು. ಇದಕ್ಕೂ ಬೋರ್ಡೋ ದ್ರಾವಣವೇ ಮದ್ದಾಯಿತು. ಇಂದಿಗೂ ಮುಂಗಾರಿಗೆ ಮುಂಚೆ ಮಲೆನಾಡಿನಲ್ಲಿ ಗೊನೆಗೊನೆಗೂ ಹೊಡೆಯುವುದು ಇದನ್ನೇ.

ಉಳಿದವುಗಳ ಕಥೆಯೂ ಬೇರೆಯಲ್ಲ. 1928ರಲ್ಲಿ ಫ್ಲೆಮಿಂಗ್ ಅವರ ತಟ್ಟೆಗೆ ಬೂಷ್ಟು ಹಿಡಿದದ್ದು ಆಕಸ್ಮಿಕ. ಅದರಿಂದ ಸಿಕ್ಕ ಪೆನಿಸಿಲಿನ್ ಔಷಧಿಯಾಗಿ ರೋಗಿಗೆ ಮುಟ್ಟಲು ಫ್ಲೋರಿ, ಚೇನ್ ಮತ್ತು ಅವರ ಸಂಗಡಿಗರು 1940ರ ಆಸುಪಾಸಿನಲ್ಲಿ ಬೆವರು ಸುರಿಸಬೇಕಾಯಿತು. ಇನ್ನೊಂದು ಉದಾಹರಣೆ ನೋಡು. ನಮ್ಮ ಬದುವಿನಲ್ಲಿ ಓಡಾಡಿದರೆ ಉತ್ತರಾಣಿ ಪಂಚೆಗೆ ಕಚ್ಚುತ್ತದೆ, ಕಿತ್ತು ಬಿಸಾಡುತ್ತೇವೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಡಿ ಮೆಸ್ಟ್ರಾಲ್ 1941ರಲ್ಲಿ ತಮ್ಮ ನಾಯಿಯ ಮೈಗೆ ಹತ್ತಿದ ಅಂಥದೇ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕೊಕ್ಕೆಗಳನ್ನು ಕಂಡರು. ನಿನ್ನ ಬ್ಯಾಗಿನ ವೆಲ್ಕ್ರೋ ಪಟ್ಟಿ ಬಂದದ್ದು ಹಾಗೆ.

ಆದ್ದರಿಂದ ತಮ್ಮಾ, ನನ್ನ ಮಾತು ಇಷ್ಟೇ. ಹೊಲದಲ್ಲಿ ಒಂದು ಸಾಲು ಮಾತ್ರ ಚೆನ್ನಾಗಿದ್ದರೆ ‘ಹಣೆಬರಹ’ ಎಂದು ಮುಂದೆ ಹೋಗಬೇಡ. ಅಲ್ಲಿ ಕೆಲಸ ಮಾಡಿದ ಆಳನ್ನು, ಕಳೆ ತೆಗೆದ ಹೆಣ್ಣುಮಗಳನ್ನು ಕೇಳು. ಪ್ರಾಧ್ಯಾಪಕರಾದ ಮಿಲಾರ್ಡೆ ತೋಟದವರನ್ನು ಕೇಳಲು ನಾಚಲಿಲ್ಲ. ಅವರು ಹೇಳಿದ್ದನ್ನು ತಾರೀಖು ಸಮೇತ ಬರೆದಿಡು. ಮುಂದಿನ ಹಂಗಾಮಿಗೆ ಎರಡು ಸಾಲಿಗೆ ಅದೇ ಮಾಡು, ಪಕ್ಕದ ಎರಡು ಸಾಲು ಹಾಗೇ ಬಿಡು. ಬಿಟ್ಟ ಸಾಲಿಲ್ಲದೆ ಮಾಡಿದ ಸಾಲಿನ ಗುಣ ತಿಳಿಯುವುದಿಲ್ಲ. ಒಂದು ಸಲ ಫಲ ಬಂತೆಂದು ಹಿಗ್ಗಬೇಡ, ಬರಲಿಲ್ಲವೆಂದು ಕೈಬಿಡಬೇಡ. ಮತ್ತೊಂದು ವರ್ಷ ನೋಡು. ಆಮೇಲೆ ಆ ಲೆಕ್ಕ ಹಿಡಿದು ನಿನ್ನ ಮೇಷ್ಟ್ರ ಹತ್ತಿರ, ರೈತ ಸಂಪರ್ಕ ಕೇಂದ್ರದವರ ಹತ್ತಿರ ಹೋಗು. ಮಳೆ ಕಮ್ಮಿಯಿರುವ ಈ ಸೀಮೆಗೆ ಬೇಕಾದ ಉತ್ತರಗಳು ಇಲ್ಲಿನ ಹೊಲಗಳಲ್ಲೇ ಕಾಣಿಸಬಹುದು, ಕೇಳುವವರು ನೀವಾಗಬೇಕು.

ನಮ್ಮೂರ ನಾರದಮುನಿ ಜಾತ್ರೆಗೆ ತಪ್ಪದೆ ಬಾ. ಬರುವಾಗ ನೋಟ್‌ಬುಕ್ ತಾ, ಕೂತು ನೋಡೋಣ.

ಇತಿ,
ನಿನ್ನ ಹಿತೈಷಿ